ಹಾವು ಮುಂಗುಸಿಗಳ ಓಟ

ಸಂಸ್ಕೃತ ವ್ಯಾಕರಣವನ್ನು ಅಲ್ಪಸ್ವಲ್ಪವಾದರೂ ಓದಿದ ವಾಚಕರಿಗೆ ‘ಅಹಿನಕುಲಂ’ ಎಂಬ ಸಮಾಸದ ಪರಿಚಯವಿದ್ದೇ ಇರುವುದು. ಎರಡು ಪದಗಳು ಕೂಡಿ ದ್ವಂದ್ವವಾದರೆ ಅದು ದ್ವಿವಚನದಲ್ಲಿರುವುದು ಸಾಮಾನ್ಯವಾದ ನಿಯಮವಷ್ಟೆ. ಆದರೆ ಹುಟ್ಟಿನಿಂದಲೇ ವೈರವುಳ್ಳ ಪ್ರಾಣಿಗಳ ಹೆಸರುಗಳು ಕೂಡಿದಾಗ ಆ ಸಮಾಸವು ಏಕವಚನದಲ್ಲಿಯೇ ನಿಲ್ಲಬೇಕೆಂದು ಪಾಣಿನಿಯು ವಿಧಿಸಿರುವನು. ಹಾವು ಮುಂಗುಸಿಗಳೇ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ನಾವು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಈ ಸೂತ್ರವನ್ನು ಹುಡುಗರಿಗೆ ಹೇಳಿಕೊಟ್ಟೆವು. ಬದ್ಧವೈರಿಗಳು ಏತಕ್ಕೆ ಒಂದಾಗಬೇಕೆಂದು ಯಾವನಾದರೂ ಕೇಳಿದರೆ, ‘ಸೂತ್ರ ಹಾಗಿದೆ, ಕುಳಿತುಕೋ’ ಎಂದು ಗದರಿಸುತ್ತಿದ್ದೆವು. ಆ ಪ್ರಶ್ನೆಗೆ ಸಮಾಧಾನವು ಈ ಬೇಸಗೆಯಲ್ಲಿ, ನಮ್ಮ ಊಟದ ಮೇಜಿನ ಮೇಲಿದ್ದ ಎರಡು ರಟ್ಟಿನ ಪೆಟ್ಟಿಗೆಗಳಿಂದ ದೊರೆಯಿತೆಂದರೆ ವಾಚಕರು ನಗಬಹುದು. ನಗಲಿ, ಆದರೆ ಕಡೆಯವರೆಗೆ ಓದಲಿ.

ನಿವೃತ್ತರಾದ ಬಳಿಕ ನಾವು ಮೂರು ತಿಂಗಳ ಕಾಲ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಯಲ್ಲಿ ಇದ್ದುದನ್ನು ಈ ಪುಟಗಳಲ್ಲಿ ಹಿಂದೆ ಪ್ರಸ್ತಾಪಿಸಿದ್ದೆವು. ಅಲ್ಲಿ ನೆರೆಮನೆಯವರು ಎಂಬತ್ತನ್ನು ಸಮೀಪಿಸಿದ ಒಬ್ಬ ವೃದ್ಧರು. ಅವರ ಮೋಟಾರು ಕೊಟ್ಟಿಗೆಯಲ್ಲಿ ಮೋಟಾರಿಗೆ ಸ್ಥಳವಿರಲಿಲ್ಲ. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಅಂಗೈಯಗಲದ ಪಂದ್ಯದ ಗಾಡಿಗಳು. ಎಲ್ಲವನ್ನೂ ಅವರು ಕೈಯಾರೆ ಜೋಡಿಸಿ ಬಣ್ಣ ಹಚ್ಚಿದ್ದರು. ಇವು ಬೊಂಬೆಗಳೇ ಎಂದು ನಾವು ಕೇಳಿದುದಕ್ಕೆ, ಅಲ್ಲ, ತಮ್ಮ ತಾರುಣ್ಯದ ದಿನಚರಿಯೆಂದು ಅವರು ಉತ್ತರ ಕೊಟ್ಟರು. ಆ ಒಂದು ಮಾತಿನಿಂದ ನಮಗೂ ಅವರಿಗೂ ಸ್ನೇಹವಾಯಿತು.

ಅವರು ಬಣ್ಣಿಸಿದ ಆಟಕ್ಕೆ ಡ್ರ್ಯಾಗ್ ಓಟವೆಂದು ಹೆಸರು. ಅದರ ಕ್ರಮವು ಅತಿ ಸರಳ. ಎರಡು ಗಾಡಿಗಳು ಅಕ್ಕಪಕ್ಕದಲ್ಲಿ ನಿಲ್ಲುವುವು. ಸಂಜ್ಞೆಯಾದೊಡನೆ ನೆಟ್ಟಗಿರುವ ಹಾದಿಯಲ್ಲಿ ಕಾಲು ಮೈಲಿ, ಎಂದರೆ 1320 ಅಡಿ, ಓಡುವುವು. ಮೊದಲು ಮುಟ್ಟಿದವನು ಗೆದ್ದನು, ಸೋತವನು ಮನೆಗೆ ಹೊರಟನು. ತಿರುವಿಲ್ಲ, ಸುತ್ತಿಲ್ಲ. ಹಿಂದೆ ಒಬ್ಬನು ಬಾವುಟವನ್ನು ಬೀಸಿ ಸಂಜ್ಞೆ ಕೊಡುತ್ತಿದ್ದನು. 1963ರಿಂದ ಮೇಲಿಂದ ಕೆಳಕ್ಕೆ ಬೆಳಗುವ ದೀಪಗಳ ಕಂಬವು ಬಳಕೆಗೆ ಬಂದಿತು. ಹಸುರು ದೀಪಕ್ಕೆ ಮೊದಲೇ ಹೊರಟವನಿಗೆ ಕೆಂಪು ದೀಪ ಹತ್ತುವುದು. ಅವನ ಪಂದ್ಯವು ಅಲ್ಲಿಗೆ ಮುಗಿಯಿತು.

ಇದು ಮೊದಲಿಗೆ ಪುಂಡು ಹುಡುಗರ ಆಟವೆನಿಸಿತ್ತು. ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಫೋರ್ಡ್ ಗಾಡಿಗಳ ಮಡ್‌ಗಾರ್ಡುಗಳನ್ನು ಕಿತ್ತೆಸೆದು, ಮ್ಯೂರಾಕ್ ಮೊದಲಾದ ಬತ್ತಿದ ಕೆರೆಗಳ ಬಯಲಿನಲ್ಲಿ ವೇಗವನ್ನು ಪರೀಕ್ಷಿಸುತ್ತಿದ್ದರು. ಯುದ್ಧವು ಮುಗಿದ ಮೇಲೆ ಈ ಚಪಲವು ಊರ ಬೀದಿಗಳಿಗೆ ಇಳಿಯಿತು, ಸಾವುನೋವುಗಳಾದವು, ಜನರು ಬೈದರು, ಪೊಲೀಸರು ಹಿಡಿದರು. ಆ ಕಾಲದಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯ ಸಂಪಾದಕನಾಗಿದ್ದ ವಾಲಿ ಪಾರ್ಕ್ಸ್ ಎಂಬಾತನು ಹುಡುಗರನ್ನು ಬೈಯುವುದಕ್ಕೆ ಬದಲಾಗಿ ಅವರಿಗೊಂದು ಜಾಗವನ್ನು ಒದಗಿಸಿಕೊಡುವುದೇ ಮೇಲೆಂದು ಕಂಡುಕೊಂಡನು. 1950ರಲ್ಲಿ ಸಾಂಟಾ ಆನಾದ ವಿಮಾನನಿಲ್ದಾಣದ ಪಕ್ಕದಲ್ಲಿ ಕ್ರಮವಾದ ಓಟಗಳು ಆರಂಭವಾಗಿದ್ದವು. 1951ರಲ್ಲಿ ಪಾರ್ಕ್ಸನು ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿದನು. 1955ರಲ್ಲಿ ಕಾನ್ಸಾಸ್ ಪ್ರಾಂತದ ಗ್ರೇಟ್ ಬೆಂಡ್ ಎಂಬಲ್ಲಿ ಮೊದಲ ರಾಷ್ಟ್ರೀಯ ಪಂದ್ಯವು ನಡೆಯಿತು. ಗಾಡಿಗಳ ಪರೀಕ್ಷೆ, ತಲೆಗೆ ಶಿರಸ್ತ್ರಾಣ, ಸೊಂಟಕ್ಕೆ ಪಟ್ಟಿ ಎಂಬ ಕಟ್ಟುಪಾಡುಗಳು ಬಂದುವು. ಅಡ್ಡದಾರಿಯಲ್ಲಿದ್ದ ಉತ್ಸಾಹವನ್ನು ಕೊಲ್ಲದೆ ದಾರಿಗೆ ತಂದ ಈ ಕೆಲಸವನ್ನು ಕೇಳಿದಾಗ, ಉಪಾಧ್ಯಾಯರಾಗಿದ್ದ ನಮಗೆ ಸ್ವಲ್ಪ ನಾಚಿಕೆಯಾಯಿತು. ಅದರ ಕಾರಣವನ್ನು ಮುಂದೆ ಹೇಳುವೆವು.

ನಮ್ಮ ವೃದ್ಧಮಿತ್ರರು ತಮ್ಮ ಯೌವನದ ಶನಿವಾರಗಳನ್ನೆಲ್ಲ ಲಾಂಗ್ ಬೀಚಿನ ಸಮೀಪದ ಲಯನ್ಸ್ ಎಂಬ ಪಂದ್ಯದ ಹಾದಿಯಲ್ಲಿ ಕಳೆದವರು. 1955ರಲ್ಲಿ ತೆರೆದ ಆ ಸ್ಥಳವು 1972ರ ಡಿಸೆಂಬರಿನಲ್ಲಿ ಮುಚ್ಚಿತು. ಸಮುದ್ರದ ಮಂಜು, ರಬ್ಬರು ಸುಟ್ಟ ಹೊಗೆ, ಕಿವಿಯಿಂದಲ್ಲದೆ ಪಕ್ಕೆಲುಬುಗಳಿಂದ ಕೇಳಬೇಕಾದ ಆರ್ಭಟ, ಕಣ್ಣಿನಲ್ಲಿ ನೀರು ಬರಿಸುವ ನೈಟ್ರೋಮೀಥೇನಿನ ಘಾಟು, ಇವೆಲ್ಲವನ್ನೂ ಅವರು ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಿದ್ದರು. ಈ ನೈಟ್ರೋಮೀಥೇನಿನ ಮಹಿಮೆಯೇನೆಂದರೆ, ಅದು ಉರಿಯಲು ಬೇಕಾದ ಆಮ್ಲಜನಕದ ಒಂದಂಶವನ್ನು ತನ್ನೊಳಗೇ ಇಟ್ಟುಕೊಂಡಿರುವುದು. ಒಂದು ತೂಕ ಪೆಟ್ರೋಲು ಸುಡಬೇಕಾದರೆ ಹದಿನಾಲ್ಕು ತೂಕಕ್ಕೂ ಹೆಚ್ಚು ಗಾಳಿ ಬೇಕು. ಇದಕ್ಕೆ ಎರಡು ತೂಕದ ಗಾಳಿಯೂ ಬೇಡ. ಆದುದರಿಂದ ಎಂಜಿನ್ನು ಅಷ್ಟೇ ಗಾಳಿಯಲ್ಲಿ ಹಲವು ಪಟ್ಟು ಇಂಧನವನ್ನು ನುಂಗಿ, ಎರಡು ಪಟ್ಟಿಗೂ ಮಿಗಿಲಾದ ಶಕ್ತಿಯನ್ನು ಉಗುಳಬಲ್ಲುದು.

ಇಷ್ಟು ಶಕ್ತಿಯು ಅಪಾಯವಿಲ್ಲದೆ ಬರುವುದುಂಟೆ? 1970ರ ಮಾರ್ಚಿಯಲ್ಲಿ ಇದೇ ಲಯನ್ಸ್ ಹಾದಿಯಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಖ್ಯಾತ ಚಾಲಕನ ಗಾಡಿಯ ಗೇರುಪೆಟ್ಟಿಗೆಯು ಸಿಡಿದು, ಗಾಡಿ ಎರಡು ತುಂಡಾಯಿತು. ಅವನ ಬಲಪಾದದ ಅರ್ಧಭಾಗವು ಹೋಯಿತು. ಅಂದಿನವರೆಗೂ ಇಂಥ ನೀಳವಾದ ಗಾಡಿಗಳಲ್ಲಿ ಎಂಜಿನ್ನು ಮುಂದೆ, ಚಾಲಕನು ಹಿಂದೆ. ಹಾಸಿಗೆಯಲ್ಲಿ ಮಲಗಿದ್ದ ಗಾರ್ಲಿಟ್ಸನು ಎಂಜಿನ್ನನ್ನು ಬೆನ್ನ ಹಿಂದಕ್ಕೆ ಸರಿಸುವ ಉಪಾಯವನ್ನು ಚಿಂತಿಸಿ, ಮರುವರ್ಷವೇ ಅಂಥ ಗಾಡಿಯನ್ನು ಕಟ್ಟಿ ಗೆದ್ದು ತೋರಿಸಿದನು. ಕೆಲವೇ ವರ್ಷಗಳಲ್ಲಿ ಉಳಿದವರೆಲ್ಲರೂ ಅದನ್ನೇ ಅನುಸರಿಸಿದರು. ಈ ಆಟವು ಗಂಡಸರದು ಮಾತ್ರವೆಂದು ಭಾವಿಸುವ ವಾಚಕಿಯರಿಗಾಗಿ ಇನ್ನೊಂದು ಮಾತು: ಅತಿವೇಗದ ಆ ವರ್ಗದಲ್ಲಿಯೇ ಶರ್ಲಿ ಮಲ್ಡೌನಿ ಎಂಬ ಮಹಿಳೆಯು 1977, 1980, 1982 ಹೀಗೆ ಮೂರು ಬಾರಿ ರಾಷ್ಟ್ರದ ಅಗ್ರಸ್ಥಾನವನ್ನು ಪಡೆದಳು.

ಈಗ ಹಾವು ಮುಂಗುಸಿಗಳ ವಿಷಯಕ್ಕೆ ಬರುವೆವು. ಡಾನ್ ಪ್ರುಡೋಮ್ ಎಂಬ ಚಾಲಕನಿಗೆ, ದೀಪ ಬೆಳಗಿದೊಡನೆ ಹಾವಿನಂತೆ ಎರಗುವನೆಂದು ‘ಹಾವು’ ಎಂಬ ಅಡ್ಡಹೆಸರು ಬಂದಿತ್ತು. ಅವನ ಪ್ರತಿಸ್ಪರ್ಧಿಯಾದ ಟಾಮ್ ಮೆಕ್ಯೂಯೆನ್ನನು, ಹಾವನ್ನು ಗೆಲ್ಲುವುದು ಮುಂಗುಸಿಯಲ್ಲವೆ ಎಂದು ಆ ಹೆಸರನ್ನೇ ಧರಿಸಿದನು. ಮೆಕ್ಯೂಯೆನ್ನನು ಮಾತುಗಾರ, ವ್ಯವಹಾರಜ್ಞ. ಮಕ್ಕಳ ಆಟಿಕೆಗಳನ್ನು ಮಾಡುವ ಮ್ಯಾಟೆಲ್ ಕಂಪನಿಯನ್ನು ಒಪ್ಪಿಸಿ, 1970ರಿಂದ ಇಬ್ಬರ ಗಾಡಿಗಳಿಗೂ ಅದರ ಪೋಷಣೆಯನ್ನು ದೊರಕಿಸಿದನು. ಹಳದಿ ಬಣ್ಣದ ಹಾವು, ಕೆಂಪು ಬಣ್ಣದ ಮುಂಗುಸಿ. ದೇಶದ ಮಕ್ಕಳ ಕೈಗಳಲ್ಲೆಲ್ಲ ಅವುಗಳದೇ ಪುಟ್ಟ ಪ್ರತಿರೂಪಗಳು. ಹಾದಿಯ ಮೇಲೆ ಶಾಶ್ವತವೈರ. ಹಾದಿಯ ಹೊರಗೆ ಒಂದೇ ವ್ಯಾಪಾರ.

ನಾವು ಹೊರಡುವ ದಿನ ಆ ವೃದ್ಧರು ಇವೇ ಎರಡು ಗಾಡಿಗಳ ಬಿಡಿಭಾಗಗಳ ಪೆಟ್ಟಿಗೆಗಳನ್ನು ನಮ್ಮ ಮೊಮ್ಮಗನಿಗೆಂದು ಕೊಟ್ಟರು. ಹನ್ನೊಂದು ವರ್ಷದ ಆ ಹುಡುಗನೂ ನಾವೂ ಬೇಸಗೆಯ ರಜೆಯನ್ನೆಲ್ಲ ಇದರಲ್ಲಿಯೇ ಕಳೆದೆವು. ಭಾಗಗಳು ಬಳ್ಳಿಯಲ್ಲಿ ಕಾಯಿಗಳಿರುವಂತೆ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡಿರುವುವು. ಅವನ್ನು ತಿರುಚಿ ಕೀಳಬಾರದು, ಹರಿತವಾದ ಚಿಮುಟದಿಂದ ಕತ್ತರಿಸಬೇಕು. ಅಚ್ಚಿನ ಏಣುಗಳನ್ನು ನಯವಾದ ಮರಳುಕಾಗದದಿಂದ ಉಜ್ಜಬೇಕು. ಅಂಟು ಹಚ್ಚುವ ಮೊದಲು ಒಣದಾಗಿ ಕೂಡಿಸಿ ನೋಡಬೇಕು. ಇದರ ಅಂಟು ನಮ್ಮ ಮೈದಾಹಿಟ್ಟಿನ ಅಂಟಿನಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡನ್ನೂ ಬೆಸೆಯುವುದು. ಒಂದು ಹನಿ ಹೆಚ್ಚಾದರೆ ಕೆಲಸ ಕೆಟ್ಟಿತು. ಅದರ ವಾಸನೆಯು ಆರೋಗ್ಯಕ್ಕೆ ಒಳ್ಳೆಯದಲ್ಲವಾದುದರಿಂದ ಕಿಟಕಿಗಳನ್ನು ತೆರೆದಿಡಬೇಕು, ಹಿರಿಯರು ಜೊತೆಯಲ್ಲಿರಬೇಕು. ಹೆಸರಿನ ಚೀಟಿಗಳನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ಮೆಲ್ಲನೆ ಜಾರಿಸಿ ಕೂರಿಸಬೇಕು; ಅವಸರಪಟ್ಟರೆ ಹಾವಿನ ಬಾಲವು ಹರಿದೇ ಹೋಗುವುದು.

ಪೆಟ್ಟಿಗೆಯ ಮೇಲೆ 1/24 ಎಂದು ಅಚ್ಚಾಗಿತ್ತು. ಎಂದರೆ ಒಂದು ಅಡಿಗೆ ಅರ್ಧ ಅಂಗುಲ. ಭಿನ್ನರಾಶಿಯೆಂದರೆ ಮುಖ ಸಿಂಡರಿಸುತ್ತಿದ್ದ ಮೊಮ್ಮಗನು, “ಅಜ್ಜಾ, ಹಾಗಾದರೆ ಇವುಗಳ ಕಾಲು ಮೈಲಿ ಎಷ್ಟು?” ಎಂದು ತಾನಾಗಿಯೇ ಕೇಳಿದನು. 1320ನ್ನು 24ರಿಂದ ಭಾಗಿಸಿ, “ಐವತ್ತೈದು ಅಡಿ!” ಎಂದು ಕೂಗಿ, ಟೇಪು ಹಿಡಿದು ಅಂಗಳಕ್ಕೆ ಓಡಿದನು. ನಮ್ಮ ಜಗುಲಿಯ ಮೆಟ್ಟಿಲಿನಿಂದ ತುಳಸೀಕಟ್ಟೆಯನ್ನು ಬಳಸಿ ಬೀದಿಯ ಬಾಗಿಲಿನವರೆಗೆ ಸರಿಯಾಗಿ ಅಷ್ಟು ದೂರ. ನಿಜವಾದ ಗಾಡಿಗಳು ಏಳು ಸೆಕೆಂಡುಗಳ ಸುಮಾರಿನಲ್ಲಿ ಆ ಕಾಲು ಮೈಲಿಯನ್ನು ಮುಗಿಸಿ, ಕೊನೆಯಲ್ಲಿ ಗಂಟೆಗೆ 200 ಮೈಲಿಗೂ ಮೀರಿದ ವೇಗವನ್ನು ಮುಟ್ಟಿ, ಬೆನ್ನ ಹಿಂದೆ ಪ್ಯಾರಾಚೂಟನ್ನು ಬಿಚ್ಚಿ ನಿಲ್ಲುತ್ತಿದ್ದುವೆಂದು ನಾವು ತಿಳಿಸಿದೆವು. ಹುಡುಗನು ಏಳು ಎಣಿಸಿ ಅಂಗಳವನ್ನು ನೋಡಿದನು.

ಬಣ್ಣದ ಕೆಲಸವು ಮಾತ್ರ ನಮ್ಮಿಂದ ಆಗಲಿಲ್ಲ. ನಮ್ಮ ಊರಿನ ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವಾತನು ನಿಪುಣನೆಂದು ಕೇಳಿ ಅಲ್ಲಿಗೆ ಹೋದರೆ, ಅವನು ಕೈ ಒರಸಿಕೊಂಡು ಎದ್ದು ನಿಂತು, “ನಮಸ್ಕಾರ ಮೇಷ್ಟ್ರೇ” ಎಂದನು. ನಮಗೆ ಆ ಕ್ಷಣವೇ ಗುರುತು ಸಿಕ್ಕಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ಆ ದಿನ ನಾವು ಪಂಚತಂತ್ರದ ಮುಂಗುಸಿಯ ಕಥೆಯನ್ನು ಹೇಳುತ್ತಿದ್ದೆವು. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯನ್ನು, ಅದರ ಬಾಯಿಯ ರಕ್ತವನ್ನು ಕಂಡು ವಿಚಾರಿಸದೆ ಮನೆಯೊಡತಿಯು ಕೊಂದುಬಿಟ್ಟ ಕಥೆ ಯಾರಿಗೆ ತಿಳಿಯದು? ಕಡೆಯ ಸಾಲಿನ ಹುಡುಗನೊಬ್ಬನ ದೃಷ್ಟಿ ಮಡಿಲಿನಲ್ಲಿತ್ತು. ಹೋಗಿ ನೋಡಿದರೆ, ಚಪ್ಪಲಿಯ ರಬ್ಬರಿನಿಂದ ಕೊರೆದ ಗಾಲಿಗಳು, ಸೈಕಲ್ಲಿನ ಕಡ್ಡಿಯ ಅಚ್ಚು, ರಬ್ಬರು ಬಳೆಯ ಬಲದಿಂದ ಓಡುವ ಒಂದು ಗಾಡಿ. ನಾವು ಅದನ್ನು ಕಸಿದು ಕಿಟಕಿಯಿಂದಾಚೆಗೆ ಎಸೆದು, ಹಿಂದಿರುಗಿ ಬಂದು, ವಿಚಾರಮಾಡದೆ ಕಾರ್ಯವನ್ನು ಮಾಡಬಾರದೆಂಬ ನೀತಿಯನ್ನು ಬೋರ್ಡಿನ ಮೇಲೆ ಬರೆದೆವು! ಹುಡುಗನು ಅಳಲಿಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ನಮ್ಮಿಂದಲೇ ಬಿಟ್ಟನೋ ಮನೆಯ ಬಡತನದಿಂದ ಬಿಟ್ಟನೋ ನಾವು ವಿಚಾರಿಸಲೂ ಇಲ್ಲ.

ಈಗ ಅದೇ ಮನುಷ್ಯನು ನಮ್ಮ ಮೊಮ್ಮಗನ ಗಾಡಿಯನ್ನು ಎರಡು ಬೆರಳುಗಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡುತ್ತಿದ್ದನು. ಒಂದೇ ಸಲಕ್ಕೆ ದಪ್ಪನಾಗಿ ಹೊಡೆಯಬಾರದು, ಮೊದಲು ಬೂದುಬಣ್ಣದ ಅಸ್ತರಿ, ಅದು ಒಣಗಿದ ಮೇಲೆ ತೆಳ್ಳಗೆ ನಾಲ್ಕು ಬಾರಿ, ಎಂದು ಹುಡುಗನಿಗೆ ಹೇಳಿಕೊಡುತ್ತಿದ್ದನು. ನಮ್ಮ ಜೀವಮಾನದಲ್ಲಿ ನಾವು ಅಷ್ಟು ಶಾಂತವಾಗಿ ಪಾಠ ಹೇಳಿದ ನೆನಪಿಲ್ಲ. ಕಡೆಗೆ ನಾವು ಧೈರ್ಯ ತಂದುಕೊಂಡು, “ನಿನ್ನ ಗಾಡಿಯನ್ನು ಎಸೆದದ್ದು ನಮ್ಮ ತಪ್ಪು ಕಣಪ್ಪಾ” ಎಂದೆವು.

ಅವನು ಕ್ಷಣಕಾಲ ಸುಮ್ಮನಿದ್ದನು. ಅನಂತರ, “ಅದರ ಎಡಗಾಲಿ ವಾಲುತ್ತಿತ್ತು ಮೇಷ್ಟ್ರೇ. ಅದನ್ನೇ ಸರಿಮಾಡುತ್ತಿದ್ದೆ. ಆಮೇಲೆ ಬೇರೆ ಮಾಡಿದೆ, ಅದು ನೆಟ್ಟಗೆ ಓಡಿತು” ಎಂದನು. ಕೂಲಿಯನ್ನು ತೆಗೆದುಕೊಳ್ಳಲಿಲ್ಲ. ಮರೆತಿರುವೆನೆಂದು ಅವನು ಹೇಳಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಆ ರಾತ್ರಿ ನಾವು ಮೊಮ್ಮಗನಿಗೆ 1978ರ ಓಟದ ಕಥೆಯನ್ನು ಹೇಳಿದೆವು. 1975ರಿಂದ 1978ರವರೆಗೆ ನಾಲ್ಕು ವರ್ಷ ಸತತವಾಗಿ ಆ ವರ್ಗದ ಅಗ್ರಪಟ್ಟವು ಪ್ರುಡೋಮನದೇ. ಮೆಕ್ಯೂಯೆನ್ನನಿಗೆ ಮ್ಯಾಟೆಲ್ಲಿನ ದಿನಗಳು ಎಂದೋ ಮುಗಿದಿದ್ದುವು. ಆ ವರ್ಷದ ಇಂಡಿಯಾನಾಪೊಲಿಸಿನ ಮಹಾಪಂದ್ಯಕ್ಕೆ ಕೆಲವೇ ದಿನಗಳ ಹಿಂದೆ ಅವನ ಮಗನು ರಕ್ತದ ಕ್ಯಾನ್ಸರಿನಿಂದ ತೀರಿಹೋದನು. ತಂದೆಯು ಆದರೂ ಬಂದನು, ಓಡಿದನು, ಒಂದೊಂದಾಗಿ ಸುತ್ತುಗಳನ್ನು ದಾಟಿದನು. ಕಡೆಯ ಓಟದಲ್ಲಿ ಪಕ್ಕದ ಹಾದಿಯಲ್ಲಿ ನಿಂತವನು ಪ್ರುಡೋಮ್. ಮುಂಗುಸಿಯೇ ಗೆದ್ದಿತು. ಸೋತವನಿಗೂ ಆ ದಿನ ಸೋತ ದುಃಖವಿರಲಿಲ್ಲವೆಂದು ಆ ಓಟವನ್ನು ಬಲ್ಲವರು ಇಂದಿಗೂ ಹೇಳುವರು. 2018ರಲ್ಲಿ ಮೆಕ್ಯೂಯೆನ್ನನು ತೀರಿಕೊಂಡನು. ಆದರೆ ಇಬ್ಬರಲ್ಲಿ ಯಾರೊಬ್ಬರ ಹೆಸರನ್ನು ತೆಗೆದರೂ ಇನ್ನೊಬ್ಬರ ಹೆಸರು ತಾನಾಗಿಯೇ ಹಿಂಬಾಲಿಸಿ ಬರುವುದು. ವೈರವೇ ಅವರನ್ನು ಒಂದು ಪದವನ್ನಾಗಿ ಮಾಡಿತು. ಪಾಣಿನಿಯು ಏಕವಚನವನ್ನು ಹೇಳಿದುದು ಸುಮ್ಮನಲ್ಲ.

ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೆ. ನಮ್ಮ ನಗರಗಳ ಬೀದಿಗಳಲ್ಲಿ ರಾತ್ರಿಯ ವೇಳೆ ಮೋಟಾರು ಸೈಕಲ್ಲುಗಳನ್ನು ಪಂದ್ಯಕ್ಕೆ ಬಿಡುವ ತರುಣರನ್ನು ಕುರಿತು ನಾವೆಲ್ಲರೂ ಕೋಪಿಸಿಕೊಳ್ಳುತ್ತೇವೆ. ಕಾಯಿದೆಯು ಅದನ್ನು ಅಪರಾಧವೆಂದಿರುವುದು, ಅದು ನ್ಯಾಯವೇ. ಆದರೆ ಕಾಯಿದೆಯು ಬೀದಿಯನ್ನು ಮುಚ್ಚಬಲ್ಲುದೇ ಹೊರತು ಬಯಲನ್ನು ತೆರೆಯಲಾರದು. ಆ ಹುಡುಗರ ಕೈಗೆ ಹತ್ತು ಹನ್ನೊಂದನೆಯ ವಯಸ್ಸಿನಲ್ಲಿಯೇ ಒಂದು ಚಿಮುಟ, ಒಂದು ಮರಳುಕಾಗದ, ಒಂದು ಮೂಲೆಯ ಮೇಜು ದೊರೆತಿದ್ದರೆ, ವೇಗವೆಂಬುದು ಎಷ್ಟು ನಿಧಾನದಿಂದ ಹುಟ್ಟುವ ವಸ್ತುವೆಂಬುದನ್ನು ಅವರು ತಿಳಿಯುತ್ತಿದ್ದರು. ವಿದೇಶದ ಪೆಟ್ಟಿಗೆಯೇ ಬೇಕೆಂದಿಲ್ಲ. ಹರಿದ ಚಪ್ಪಲಿ, ಸೈಕಲ್ಲಿನ ಕಡ್ಡಿ ಸಾಕು. ತರಗತಿಯಲ್ಲಿ ಯಾರ ಮಡಿಲಿನಲ್ಲಾದರೂ ಅಂಥದು ಕಂಡರೆ, ಉಪಾಧ್ಯಾಯ ಮಿತ್ರರು ಅದನ್ನು ಕಿಟಕಿಯಿಂದ ಎಸೆಯುವ ಮೊದಲು ಯಾವ ಗಾಲಿ ವಾಲುತ್ತಿದೆಯೆಂದು ಕೇಳಲಿ.

ನಮ್ಮ ಮನೆಯ ಹಾವು ಮುಂಗುಸಿಗಳು ಈಗ ಪುಸ್ತಕದ ಬೀರುವಿನಲ್ಲಿ, ಪಂಚತಂತ್ರದ ಪಕ್ಕದಲ್ಲಿ ನಿಂತಿವೆ. ಭಾನುವಾರಗಳಲ್ಲಿ ಮಾತ್ರ ಅಂಗಳಕ್ಕೆ ಇಳಿಯುವುವು. ಹಳದಿಯದನ್ನು ಮೊಮ್ಮಗನು ನೂಕುವನು; ಕೆಂಪಿನದು ನಮ್ಮ ಪಾಲಿನದು. ಇದುವರೆಗೆ ನಾವು ಒಮ್ಮೆಯೂ ಗೆದ್ದಿಲ್ಲ.