ತಗ್ಗು ಕಾರೂ ನಮ್ಮ ಊರಿನ ದಾರಿಯೂ

ನೆಲಕ್ಕೆ ಅಂಟಿಕೊಂಡಂತೆ ಧಾವಿಸುವ ಕ್ರೀಡಾಕಾರಿನ ಚಿತ್ರವನ್ನು ಕಂಡು ಮನಸೋಲದ ತರುಣರು ವಿರಳ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ಅದರ ವೇಗವೆಷ್ಟು, ಬೆಲೆಯೆಷ್ಟು, ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು ಅವರು ಕೇಳುತ್ತಾರೆ. ಇವುಗಳಿಗೆ ಉತ್ತರ ತಯಾರಕರ ಜಾಹೀರಾತಿನಲ್ಲೇ ಅಚ್ಚಾಗಿರುತ್ತದೆ. ಅಲ್ಲಿ ಅಚ್ಚಾಗದ ಪ್ರಶ್ನೆಯೊಂದಿದೆ: ಅಂಥ ಕಾರನ್ನು ಈ ಐದು ಊರುಗಳ ನಡುವೆ ಇಟ್ಟುಕೊಂಡು ದಿನವೂ ಓಡಿಸಬಹುದೇ? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸದ್ಯದ ಸ್ಥಿತಿಯಲ್ಲಿ ಅದು ಕಷ್ಟಸಾಧ್ಯ; ಆದರೆ ಹಾಗಾಗಲು ಇರುವ ಕಾರಣಗಳಲ್ಲಿ ಅರ್ಧದಷ್ಟಾದರೂ ಕಾರಿನ ದೋಷವಲ್ಲ, ದಾರಿಯ ದೋಷ. ಆ ಅರ್ಧವು ಇಂಥ ಕಾರನ್ನು ಎಂದಿಗೂ ಕೊಳ್ಳದ ನಮ್ಮೆಲ್ಲರಿಗೂ ಸಂಬಂಧಿಸಿದ್ದಾಗಿದೆ.

ಕಾರನ್ನು ಇಷ್ಟು ತಗ್ಗಾಗಿ ಕಟ್ಟುವುದೇಕೆ? ತಿರುವಿನಲ್ಲಿ ಓಡುವ ಗಾಡಿಯ ಭಾರವು ಹೊರಬದಿಯ ಗಾಲಿಗಳ ಮೇಲೆ ವಾಲುತ್ತದೆ. ಎಷ್ಟು ವಾಲುತ್ತದೆಂಬುದು ಗುರುತ್ವಕೇಂದ್ರದ ಎತ್ತರವನ್ನೂ ಎಡಬಲ ಗಾಲಿಗಳ ನಡುವಿನ ಅಗಲವನ್ನೂ ಅವಲಂಬಿಸಿದೆ. ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಗಾಡಿಯ ಸ್ಥಿರತೆಯ ಒಂದು ಅಳತೆ. ಅಗಲ 150 ಸೆಂ.ಮೀ. ಇದ್ದು ಗುರುತ್ವಕೇಂದ್ರ 45 ಸೆಂ.ಮೀ. ಎತ್ತರದಲ್ಲಿದ್ದರೆ ಅದು ಸುಮಾರು 1.67, ಗುರುತ್ವಕೇಂದ್ರ 70 ಸೆಂ.ಮೀ. ಎತ್ತರಕ್ಕೇರಿದರೆ ಸುಮಾರು 1.07. ಒಣಗಿದ ಡಾಂಬರಿನ ಮೇಲೆ ಸಾಮಾನ್ಯ ಟೈರು ಅಡ್ಡಕ್ಕೆ ತಡೆಯಬಲ್ಲ ಬಲ ಹೆಚ್ಚೆಂದರೆ ಗಾಡಿಯ ತೂಕದಷ್ಟು. ಆದುದರಿಂದ ಮೊದಲನೆಯ ಗಾಡಿ ಹಿಡಿತ ತಪ್ಪಿದಾಗ ಜಾರುವುದೇ ಹೊರತು ಸುಲಭವಾಗಿ ಮಗುಚುವುದಿಲ್ಲ. ಎರಡನೆಯದು ಮಗುಚುವ ಅಂಚಿಗೆ ಬಹು ಸಮೀಪದಲ್ಲಿದೆ. ಸುಗ್ಗಿಯಲ್ಲಿ ತೊಗರಿಯ ಚೀಲಗಳನ್ನು ಎತ್ತರಕ್ಕೆ ಪೇರಿಸಿಕೊಂಡ ಟ್ರಾಕ್ಟರಿನ ಟ್ರಾಲಿ ತಿರುವಿನಲ್ಲಿ ಮಗುಚುವುದಕ್ಕೂ ಇದೇ ಲೆಕ್ಕ. ತಗ್ಗಾದ ಮೈಗೆ ಎದುರುಗಾಳಿಯ ತಡೆಯೂ ಕಡಿಮೆ. 1964ರಲ್ಲಿ ಪಂದ್ಯಕ್ಕಿಳಿದ ಫೋರ್ಡ್ ಜಿಟಿ 40 ಎಂಬ ಕಾರಿನ ಹೆಸರಿನಲ್ಲಿರುವ 40 ಅದರ ಎತ್ತರವನ್ನೇ ಅಂಗುಲಗಳಲ್ಲಿ ಹೇಳುತ್ತದೆ. ಹೈಸ್ಕೂಲಿನ ಹುಡುಗನೊಬ್ಬ ಪಕ್ಕದಲ್ಲಿ ನಿಂತರೆ ಆ ಕಾರಿನ ಮಾಡು ಅವನ ಸೊಂಟದ ಮಟ್ಟಕ್ಕೆ ಬರುತ್ತದೆ!

ಹೀಗೆ ತಗ್ಗುತನವು ಶಾಸ್ತ್ರಸಮ್ಮತವಾದ ಗುಣ. ಅದೇ ಗುಣ ನಮ್ಮ ಕಡೆಯ ಹಳ್ಳಿಯ ಹೆಬ್ಬಾಗಿಲಲ್ಲಿ, ಮೊದಲನೆಯ ಹಂಪಿನ ಮುಂದೆ, ಸಂಕಟಕ್ಕೆ ಸಿಲುಕುತ್ತದೆ.

ರಸ್ತೆಯ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ತನ್ನ 99ನೆಯ ಕೈಪಿಡಿಯಲ್ಲಿ 1988ರಲ್ಲಿಯೇ ಗೊತ್ತುಪಡಿಸಿತು. 2018ರಲ್ಲಿ ಕೈಪಿಡಿಯನ್ನು ಪರಿಷ್ಕರಿಸಿತು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟಬೇಕಾದ ಉಬ್ಬು 17 ಮೀಟರು ತ್ರಿಜ್ಯದ ವೃತ್ತದ ಒಂದು ಚಾಪವಾಗಿರಬೇಕು; ಗಾಡಿ ಸಾಗುವ ದಿಕ್ಕಿನಲ್ಲಿ ಅದರ ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂ.ಮೀ. ಈ ಮೂರು ಸಂಖ್ಯೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಜ್ಯಾದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಚಾಪದ ಎತ್ತರ ಬರುತ್ತದೆ: 13.69ನ್ನು 136ರಿಂದ ಭಾಗಿಸಿದರೆ 0.1 ಮೀಟರು.

ಈ ಉಬ್ಬಿನ ಮೇಲೆ ತಗ್ಗು ಕಾರೊಂದನ್ನು ನಿಲ್ಲಿಸಿ ನೋಡೋಣ. ಅದರ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ದೂರ 2.6 ಮೀಟರು, ಹೊಟ್ಟೆಯ ಕೆಳಗಿನ ತೆರವು 12 ಸೆಂ.ಮೀ. ಇರಲಿ. ಉಬ್ಬಿನ ಅಗಲ ಗಾಲಿಗಳ ದೂರಕ್ಕಿಂತ ಹೆಚ್ಚಾಗಿರುವುದರಿಂದ, ಕಾರಿನ ನಡು ಉಬ್ಬಿನ ನೆತ್ತಿಯ ಮೇಲಿರುವಾಗ ನಾಲ್ಕು ಗಾಲಿಗಳೂ ಉಬ್ಬಿನ ಮೇಲೆಯೇ ಇರುತ್ತವೆ. ನೆತ್ತಿಯಿಂದ 1.3 ಮೀಟರು ದೂರದಲ್ಲಿ ಉಬ್ಬು ಇಳಿದಿರುವುದು ಸುಮಾರು 5 ಸೆಂ.ಮೀ. ಮಾತ್ರ. ಎಂದರೆ 12ರಲ್ಲಿ 5 ಕಳೆದು ಇನ್ನೂ 7 ಸೆಂ.ಮೀ. ತೆರವು ಉಳಿಯಿತು. ಕ್ರೀಡಾಕಾರು ನಿರಾತಂಕವಾಗಿ ದಾಟಿಹೋಗುತ್ತದೆ.

ಈಗ ಎತ್ತರವನ್ನು 10 ಸೆಂ.ಮೀ. ಆಗಿಯೇ ಇಟ್ಟು ಅಗಲವನ್ನು 1 ಮೀಟರಿಗೆ ಇಳಿಸೋಣ. ಉಬ್ಬು ಹೊಟ್ಟೆಯ ಕೆಳಗೆ ಬಂದಾಗ ನಾಲ್ಕು ಗಾಲಿಗಳೂ ಸಪಾಟು ನೆಲದ ಮೇಲಿರುತ್ತವೆ. ಉಳಿಯುವ ತೆರವು 2 ಸೆಂ.ಮೀ. ಇಬ್ಬರು ಕುಳಿತು ಸ್ಪ್ರಿಂಗು ತುಸು ಕುಸಿದರೆ ಅದೂ ಮಾಯ. ಎತ್ತರ 15 ಸೆಂ.ಮೀ. ಆದರಂತೂ ಮಾತೇ ಇಲ್ಲ: ಮೆಕ್ಯಾನಿಕರು ಚೇಂಬರ್ ಎಂದು ಕರೆಯುವ ಇಂಜಿನ್ನಿನ ಎಣ್ಣೆಪಾತ್ರೆ ಕಲ್ಲಿಗೆ ತಾಗಿ ಸೀಳುತ್ತದೆ. ಎಣ್ಣೆ ಸೋರುತ್ತಿದ್ದರೂ ಮುಂದೆ ಓಡಿಸಿದರೆ ಇಂಜಿನ್ನೇ ಬಿಗಿದುಕೊಳ್ಳುತ್ತದೆ. ಕಾರನ್ನು ಕೆಡಿಸಿದ್ದು ಉಬ್ಬಿನ ಎತ್ತರವೆಂದು ಜನ ಬಗೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ ಕೆಡಿಸಿದ್ದು ಅದರ ಅಗಲದ ಕೊರತೆ.

ಶ್ರೀಮಂತನ ಆಟಿಕೆ ಕೆಟ್ಟರೆ ನಮಗೇನು ಎಂದು ಕೇಳುವವರಿದ್ದಾರೆ. ಅವರಿಗಾಗಿ ಇನ್ನೊಂದು ಲೆಕ್ಕ. ಗಂಟೆಗೆ 20 ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ ಸುಮಾರು 5.6 ಮೀಟರು ಸಾಗುತ್ತದೆ. ಕೈಪಿಡಿಯ ಉಬ್ಬಿನ ಮೇಲೆ ಅದರ ಗಾಲಿ 10 ಸೆಂ.ಮೀ. ಏರಲು ಸೆಕೆಂಡಿನ ಮೂರನೆಯ ಒಂದು ಪಾಲು ಸಿಗುತ್ತದೆ. ಒಂದು ಮೀಟರು ಅಗಲದ, 15 ಸೆಂ.ಮೀ. ಎತ್ತರದ ಉಬ್ಬಿನ ಮೇಲೆ ಸಿಗುವುದು ಸೆಕೆಂಡಿನ ಹನ್ನೊಂದನೆಯ ಒಂದು ಪಾಲು ಮಾತ್ರ. ಎಂದರೆ ಗಾಲಿ ಮೇಲಕ್ಕೆ ಚಿಮ್ಮುವ ವೇಗ ಐದು ಪಟ್ಟಿಗೂ ಹೆಚ್ಚು. ಆ ಪೆಟ್ಟು ಬೀಳುವುದು ಟಂಟಂನಲ್ಲಿ ಹೆರಿಗೆಗೆ ಹೋಗುತ್ತಿರುವ ಹೆಣ್ಣುಮಗಳ ಮೇಲೆ, ಆಂಬುಲೆನ್ಸಿನಲ್ಲಿ ಮೂಳೆ ಮುರಿದು ಮಲಗಿರುವವನ ಮೇಲೆ, ಬೈಕಿನ ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತ ಮುದುಕಿಯ ಮೇಲೆ. ಕ್ರೀಡಾಕಾರಿನ ಯಜಮಾನ ಬೇರೆ ಕಾರು ಕೊಂಡಾನು. ಇವರಿಗೆ ಬೇರೆ ದಾರಿಯಿಲ್ಲ.

ಹಳ್ಳಿಯವರನ್ನು ಈ ವಿಷಯದಲ್ಲಿ ಹಳಿಯುವುದು ಅನ್ಯಾಯ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕಾರ್ಖಾನೆಗಳಿಗೆ ಹಗಲಿರುಳೂ ಲಾರಿಗಳು ಓಡುತ್ತವೆ. ಶಾಲೆಗೆ ಹೋಗುವ ಮಗುವೊಂದು ದಾರಿಯಲ್ಲಿ ಬಲಿಯಾದರೆ ಮರುದಿನವೇ ಊರವರು ಕೈಗೆ ಸಿಕ್ಕ ಕಲ್ಲುಮಣ್ಣು ಸುರಿದು ದಿಬ್ಬ ಕಟ್ಟುವುದು ಸಹಜ. ದಿಬ್ಬ ಬೇಕೆಂಬ ಅವರ ನಿರ್ಣಯ ಸರಿಯಾದುದೇ. ಆಮೇಲೆ ಅದರ ಮೇಲೆ ಡಾಂಬರು ಹಾಕಿ ಕಾಯಂಗೊಳಿಸುವವರು ಅಳತೆಪಟ್ಟಿ ಹಿಡಿಯದಿರುವುದಕ್ಕೆ ಮಾತ್ರ ಕ್ಷಮೆಯಿಲ್ಲವೆಂದು ನಾವು ಭಾವಿಸುತ್ತೇವೆ.

ಉಬ್ಬುಗಳನ್ನೆಲ್ಲ ಸರಿಪಡಿಸಿದರೂ ನೆಲ ತನ್ನ ಪಾಲಿನ ತೊಂದರೆಯನ್ನು ಕೊಡದೆ ಬಿಡದು. ಶಹಾಬಾದ, ಸೇಡಂಗಳ ಕೆಳಗೆ ಹಾಸುಗಲ್ಲಾಗಿ ಮಲಗಿರುವ ಸುಣ್ಣಕಲ್ಲು ದೃಢವಾದುದು. ಮನೆಯ ಅಂಗಳಕ್ಕೆ ಹಾಸುವ ಶಹಾಬಾದಿ ಫರಸಿ ಬಂದದ್ದು ಅಲ್ಲಿಂದಲೇ. ಆದರೆ ಅದರ ಮೇಲೆ ಬಹುಕಡೆ ಎರೆಮಣ್ಣು ಹರಡಿದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತವೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತವೆ. ಮೇಲಿನ ಡಾಂಬರು ಪ್ರತಿವರ್ಷ ಈ ಉಸಿರಾಟಕ್ಕೆ ಸಿಕ್ಕಿ ಅಲೆಯಲೆಯಾಗುತ್ತದೆ, ಅಂಚುಗಳು ಒಡೆಯುತ್ತವೆ. ಎತ್ತರದ ಜೀಪು ಈ ಅಲೆಗಳನ್ನು ಲೆಕ್ಕಿಸದು, ತಗ್ಗು ಕಾರು ಪ್ರತಿಯೊಂದನ್ನೂ ಎಣಿಸುತ್ತದೆ. ಅದರ ಟೈರೂ ತೆಳುವಾದುದು. 305 ಮಿ.ಮೀ. ಅಗಲದ, 30ರ ಪ್ರಮಾಣದ ಟೈರಿನ ಪಕ್ಕದ ಗೋಡೆ 92 ಮಿ.ಮೀ.ಗೂ ಕಡಿಮೆ, 185 ಮಿ.ಮೀ. ಅಗಲದ, 65ರ ಪ್ರಮಾಣದ ಸಾಮಾನ್ಯ ಟೈರಿನದು 120. ಚೂಪಾದ ಗುಂಡಿಯ ಅಂಚಿಗೆ ಬಡಿದಾಗ ಪೆಟ್ಟನ್ನು ನುಂಗಲು ಇರುವ ರಬ್ಬರು ಕಡಿಮೆಯಾದುದರಿಂದ ಅಲಾಯ್ ಚಕ್ರವೇ ಬಿರಿಯುತ್ತದೆ. ಅನೇಕ ಕ್ರೀಡಾಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಬದಲಿಗೆ ತೂತು ಮುಚ್ಚುವ ಅಂಟಿನ ಡಬ್ಬಿಯೊಂದಿರುತ್ತದೆ. ಪಕ್ಕದ ಗೋಡೆ ಸೀಳಿದರೆ ಅದು ನಿರುಪಯೋಗಿ.

ನೀರಿನ ಪ್ರಶ್ನೆ ಇನ್ನೂ ಗಂಭೀರವಾದುದು. 2020ರ ಅಕ್ಟೋಬರಿನ ಮಳೆಯಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡ, ದಂಡೋತಿಗಳ ಬಳಿ ಸೇತುವೆಗಳ ಮೇಲೆ ಹರಿದು ಸಂಚಾರ ಸ್ಥಗಿತಗೊಂಡಿತ್ತು. ಅಂಥ ವೇಳೆ ಚಾಲಕನು ನೀರು ಮೊಣಕಾಲಿಗೂ ಬಾರದೆಂದು ಧೈರ್ಯ ಮಾಡುತ್ತಾನೆ. ಆರ್ಕಿಮಿಡೀಸನ ತತ್ತ್ವವನ್ನು ಅವನು ಶಾಲೆಯಲ್ಲಿ ಓದಿರುತ್ತಾನೆ, ಕಾರಿಗೆ ಅನ್ವಯಿಸಿರುವುದಿಲ್ಲ. 1,300 ಕಿಲೋಗ್ರಾಂ ತೂಕದ ಕಾರಿನ ತಳ ಸುಮಾರು 6 ಚದರ ಮೀಟರು ಎಂದಿಟ್ಟುಕೊಂಡರೆ, ತಳದ ಮೇಲೆ ಏರುವ ಪ್ರತಿ 1 ಸೆಂ.ಮೀ. ನೀರೂ 60 ಕಿಲೋಗ್ರಾಂ ಭಾರವನ್ನು ಎತ್ತಿ ಹಿಡಿಯುತ್ತದೆ. 22 ಸೆಂ.ಮೀ. ಏರಿದರೆ ಇಡೀ ಕಾರು ತೇಲಿತು. ಕಾರಿನೊಳಕ್ಕೆ ನೀರು ನುಗ್ಗಿದರೆ ಲೆಕ್ಕ ಬದಲಾಗುತ್ತದೆ, ನಿಜ. ಆದರೆ ಅದಕ್ಕೆ ತಗಲುವ ನಿಮಿಷಗಳಲ್ಲಿಯೇ ಪ್ರವಾಹ ತನ್ನ ಕೆಲಸ ಮುಗಿಸಿರುತ್ತದೆ. ತಳದ ತೆರವು 12 ಸೆಂ.ಮೀ. ಇರುವ ಕಾರಿಗೆ ಒಟ್ಟು 34 ಸೆಂ.ಮೀ. ನೀರು ಸಾಕು, 20 ಸೆಂ.ಮೀ. ಇರುವುದಕ್ಕೆ 42. ಎತ್ತರದ ಕಾರಿನವರು ಹೆಮ್ಮೆಪಡುವಷ್ಟು ಅಂತರ ಇದಲ್ಲ! ಗಾಲಿಯ ಹಿಡಿತವಂತೂ ತೇಲುವುದಕ್ಕೆ ಬಹಳ ಮುಂಚೆಯೇ ಸಡಿಲಾಗುತ್ತದೆ. ಇನ್ನು ಇಂಜಿನ್ನಿನ ಗಾಳಿಯ ಬಾಯಿಯಿಂದ ನೀರು ಒಳಹೊಕ್ಕರೆ, ಗಾಳಿಯಂತೆ ಅದು ಕುಗ್ಗದಿರುವುದರಿಂದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಸಾಮಾನ್ಯ ವಿಮಾಪತ್ರದಲ್ಲಿ ಈ ಹಾನಿಗೆ ಪರಿಹಾರ ದೊರೆಯದಿರುವುದೇ ಹೆಚ್ಚು. ಇಂಜಿನ್ ರಕ್ಷಣೆಯೆಂಬ ಪ್ರತ್ಯೇಕ ಷರತ್ತಿಗೆ ಹಣ ಕಟ್ಟಿರಬೇಕಾಗುತ್ತದೆ.

ಕಾರ್ಖಾನೆಯ ಸುತ್ತಲಿನ ಊರುಗಳಲ್ಲಿ ಧೂಳಿನ ಕಾಟವೂ ಉಂಟು. ಸಿಮೆಂಟಿನ ಧೂಳು ಕ್ಷಾರಗುಣದ್ದು. ರಾತ್ರಿಯ ಇಬ್ಬನಿಯೊಡನೆ ಕೂಡಿದರೆ ಬಣ್ಣದ ಮೇಲೆ ತೆಳುಪದರವಾಗಿ ಹೆಪ್ಪುಗಟ್ಟುತ್ತದೆ. ಒಣಬಟ್ಟೆಯಿಂದ ಒರಸುವುದು ಉಪ್ಪುಕಾಗದದಿಂದ ತಿಕ್ಕಿದಂತೆಯೇ. ಮೊದಲು ನೀರು ಧಾರಾಳವಾಗಿ ಹಾಯಿಸಬೇಕು. ಇದು ಎಲ್ಲ ಗಾಡಿಗಳಿಗೂ ಅನ್ವಯಿಸುವ ಮಾತು.

ದುರಸ್ತಿಯ ವಿಷಯವನ್ನು ಬೇಗನೆ ಮುಗಿಸಬಹುದು. ಇಂಥ ಕಾರುಗಳ ಅಧಿಕೃತ ಕಾರ್ಯಾಗಾರಗಳಿರುವುದು ಮಹಾನಗರಗಳಲ್ಲಿ. 1990ರ ದಶಕದ ಕೊನೆಯ ಹೊತ್ತಿಗೆ ಗೋವೆಯಲ್ಲಿ ತಯಾರಾಗತೊಡಗಿದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನದ ಕಾರನ್ನು ಇಲ್ಲಿ ಸ್ಮರಿಸಬೇಕು. ಅದರ ಮೈ ಫೈಬರ್ ಗ್ಲಾಸಿನದು, ಇಂಜಿನ್ನು ಫ್ರಾನ್ಸಿನ ರೆನೋ ಕಂಪನಿಯದು. ಮೈಯ ಬಿರುಕನ್ನು ಗಾಜಿನೆಳೆ ಮತ್ತು ರಾಳಗಳಿಂದ ಯಾವ ಊರಿನಲ್ಲಾದರೂ ಮುಚ್ಚಬಹುದು. ಇಂಜಿನ್ನಿನ ಬಿಡಿಭಾಗಕ್ಕಾಗಿ ಎಲ್ಲಿಗೆ ಹೋಗುವುದು? ತಯಾರಿಕೆ ನಿಂತುಹೋದ ಮೇಲೆ ಈ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ಕಾರಿನ ಸ್ಪ್ರಿಂಗು ಬದಲಿಸಿ ಎತ್ತರಿಸುತ್ತೇವೆಂಬ ಗ್ಯಾರೇಜಿನವರ ಮಾತಿಗೆ ಒಪ್ಪುವ ಮುನ್ನ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ಓದುವುದು ಒಳಿತು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಲು ಅದು ಎಡೆಗೊಡುವುದಿಲ್ಲ. ಪೋರ್ಷೆಯಂಥ ತಯಾರಕರು ಗುಂಡಿ ಒತ್ತಿದರೆ ಕಾರಿನ ಮೂತಿಯನ್ನು ಸುಮಾರು 40 ಮಿ.ಮೀ. ಎತ್ತುವ ಉಪಕರಣವನ್ನು ತಾವೇ ಒದಗಿಸುತ್ತಾರೆ. ಎತ್ತಬೇಕಾದ ಸ್ಥಳಗಳನ್ನು ಉಪಗ್ರಹದ ನೆರವಿನಿಂದ ನೆನಪಿಟ್ಟುಕೊಳ್ಳುವ ಏರ್ಪಾಟೂ ಅವರಲ್ಲಿದೆ. ಸೇಡಂನಿಂದ ಚಿಂಚೋಳಿಗೆ ಹೋಗಿಬಂದರೆ ಆ ನೆನಪಿನ ಕೋಶ ತುಂಬೀತೆಂದು ನಾವು ತಮಾಷೆಗೆ ಹೇಳಬಹುದು. ಆದರೆ ಎತ್ತುವುದು ಮೂತಿಯನ್ನು, ಹೊಟ್ಟೆಗೆ ಸಿಗುವ ಲಾಭ ಅದಕ್ಕಿಂತ ಕಡಿಮೆ.

ಆದುದರಿಂದ ಕಾರನ್ನು ಮಾರ್ಪಡಿಸುವುದಕ್ಕಿಂತ ಉಬ್ಬನ್ನು ಮಾರ್ಪಡಿಸುವುದು ಅಗ್ಗವೆಂಬುದೇ ನಮ್ಮ ವಾದ. ಅದಕ್ಕೆ ಬೇಕಾದ ಅಳತೆಯನ್ನು ವಿದ್ಯಾರ್ಥಿಗಳೇ ಮಾಡಬಹುದು. ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಲಾರಿಗಳ ಓಡಾಟವಿಲ್ಲದ ಹೊತ್ತಿನಲ್ಲಿ, ರಸ್ತೆಯ ಅಂಚಿನಲ್ಲಿ ಕೆಲಸ ಮಾಡಬೇಕು. ಉಬ್ಬಿನ ಎರಡೂ ಬದಿ ಸಮಾನ ಎತ್ತರದ ಎರಡು ಕೋಲುಗಳನ್ನು ನಿಲ್ಲಿಸಿ ದಾರವನ್ನು ಬಿಗಿಯಾಗಿ ಕಟ್ಟಿರಿ. ದಾರದಿಂದ ಸಪಾಟು ನೆಲಕ್ಕಿರುವ ದೂರದಲ್ಲಿ ದಾರದಿಂದ ನೆತ್ತಿಗಿರುವ ದೂರವನ್ನು ಕಳೆದರೆ ಎತ್ತರ ದೊರೆಯುತ್ತದೆ. ಉಬ್ಬು ಆರಂಭವಾಗುವ ಮತ್ತು ಮುಗಿಯುವ ಬಿಂದುಗಳ ನಡುವಣ ದೂರವೇ ಅಗಲ. ಕಪ್ಪು ಬಿಳುಪಿನ ಪಟ್ಟೆಗಳಿವೆಯೇ, ಮುಂಚಿತವಾಗಿ ಎಚ್ಚರಿಕೆಯ ಫಲಕವಿದೆಯೇ ಎಂಬುದನ್ನೂ ಬರೆದುಕೊಳ್ಳಿರಿ. ನಿಮ್ಮ ಎರಡು ಸಂಖ್ಯೆಗಳ ಎದುರಿಗೆ 10 ಸೆಂ.ಮೀ., 370 ಸೆಂ.ಮೀ. ಎಂದು ಬರೆದು, ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೊಡನೆ ಲೋಕೋಪಯೋಗಿ ಇಲಾಖೆಗಾಗಲಿ ಗ್ರಾಮ ಪಂಚಾಯತಿಗಾಗಲಿ, ಆ ರಸ್ತೆ ಯಾರಿಗೆ ಸೇರಿದೆಯೋ ಅವರಿಗೆ ಸಲ್ಲಿಸಿರಿ. ಸ್ವೀಕೃತಿಯ ಮುದ್ರೆಯುಳ್ಳ ಒಂದು ಪ್ರತಿ ನಿಮ್ಮ ಬಳಿ ಇರಲಿ.