ಮೃದಂಗ ಮಾಡಿದವರ ಹೆಸರು ಎಲ್ಲಿ ಸ್ವಾಮಿ?

ಸಂಗೀತ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಮೃದಂಗ ನುಡಿಸೋರ ಹೆಸರಿರುತ್ತೆ. ಕೆಲವು ಸಲ ಅವರ ಗುರುಗಳ ಹೆಸರೂ ಇರುತ್ತೆ. ಪ್ರಾಯೋಜಕರ ಹೆಸರಂತೂ ದಪ್ಪಕ್ಷರದಲ್ಲಿ. ಆ ಮೃದಂಗ ಮಾಡಿದವರ ಹೆಸರು ಮಾತ್ರ ಎಲ್ಲೂ ಇರಲ್ಲ.

ಹೋದ ಭಾನುವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಅಂಥದೊಂದು ಕಛೇರಿಗೆ ಹೋಗಿದ್ದೆ. ಗುಮಾಸ್ತನಾದ ನನಗೆ ಕಛೇರಿ ಅಂದ್ರೆ ಫೈಲು. ಅವತ್ತು ಪಾಸ್ ಸಿಕ್ಕಿತ್ತು. ತನಿ ಆವರ್ತನ ಅದ್ಭುತವಾಗಿತ್ತು, ಎರಡು ಮಾತಿಲ್ಲ. ಆಮೇಲೆ ಕ್ಲಬ್ಬಿನಲ್ಲಿ ಕಾಕ್‌ಟೇಲ್. ಗ್ಲಾಸು ಹಿಡಿದಿದ್ದ ಹಿರಿಯರೊಬ್ಬರು, "ಇದು ದೈವಿಕ ನಾದ ಕಣ್ರೀ, ಕೇಳೋಕೂ ಸಂಸ್ಕಾರ ಬೇಕು" ಅಂದರು. "ಸಾರ್, ಅದು ಹಸುವಿನ ಚರ್ಮದ ನಾದ" ಅಂದೆ. "ಈಗ ಯಾಕೆ ಆ ವಿಷಯ?" ಅಂತ ಮುಖ ತಿರುಗಿಸಿದರು.

ಮತ್ತೆ ಯಾವಾಗ ಮಾತಾಡೋಣ?

ಮೃದಂಗ ಅಂದ್ರೆ ಹಲಸಿನ ಮರ. ಹಸು, ಎಮ್ಮೆ, ಆಡಿನ ಚರ್ಮ. ಆ ಚರ್ಮ ಹದ ಮಾಡಿ, ಕೂಯ್ದು, ಬಿಗಿದು, ಶ್ರುತಿಗೆ ತರೋದಕ್ಕೆ ಕಿವಿ ಬೇಕು, ಲೆಕ್ಕ ಬೇಕು, ವರ್ಷಗಟ್ಟಲೆ ಕಲಿಕೆ ಬೇಕು. ಅದು ವಿದ್ಯೆ ಅಲ್ವಾ? ತಮಿಳುನಾಡಿನಲ್ಲಿ ತಲೆಮಾರುಗಳಿಂದ ಈ ವಿದ್ಯೆ ಉಳಿಸಿದವರಲ್ಲಿ ಹೆಚ್ಚಿನವರು ದಲಿತರು, ಅದರಲ್ಲೂ ದಲಿತ ಕ್ರೈಸ್ತರು. 2020ರಲ್ಲಿ ಟಿ.ಎಂ. ಕೃಷ್ಣ ಇವರ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ತಂದಾಗ, ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ಚೆನ್ನೈನ ಕಲಾಕ್ಷೇತ್ರ ವಾಪಸ್ ಪಡೀತು. ಆ ಚರ್ಮದ ನಾದ ವೇದಿಕೆಗೆ ಬರಬಹುದು, ಆ ಚರ್ಮದ ಮಾತು ಬರಬಾರದು!

ಅದೇ ಚರ್ಮ ನಮ್ಮ ಕೇರಿಯಲ್ಲಿ ತಮಟೆಯಾದರೆ ಮೈಲಿಗೆ, ಸಭಾಂಗಣದಲ್ಲಿ ಮೃದಂಗವಾದರೆ ಮಡಿ. ನಮ್ಮ ರಾಜ್ಯದ 2020ರ ಕಾಯ್ದೆಯಲ್ಲಿ ಗೋಹತ್ಯೆಗೆ ಮೂರರಿಂದ ಏಳು ವರ್ಷ ಜೈಲು. ಆ ಕಾಯ್ದೆಗೆ ಜೈ ಅಂದವರೂ ಮುಂದಿನ ಸಾಲಲ್ಲಿ ಕೂತು ತಾಳ ಹಾಕ್ತಾರೆ. ಆ ಚರ್ಮ ಎಲ್ಲಿಂದ ಬರುತ್ತೆ ಅಂತ ಒಬ್ಬರೂ ಕೇಳಲ್ಲ.

ಗ್ಲಾಸಿನ ವಿಷಯಕ್ಕೂ ಬರೋಣ. ಸಾರಾಯಿ ಬೇಡ ಅಂತ ನಮ್ಮ ಹೆಣ್ಣುಮಕ್ಕಳೇ ಬೀದಿಗಿಳಿದಿದ್ದರು. 2007ರ ಜುಲೈ 1ರಿಂದ ಅದು ನಿಂತಿತು, ಒಳ್ಳೇದಾಯ್ತು. ಆದರೆ ಪ್ಯಾಕೆಟ್ ಸಾರಾಯಿ ಕುಡಿದ ಕೂಲಿಯವನು ಕುಡುಕ, ರಾಗ ಕೇಳಿ ಕಾಕ್‌ಟೇಲ್ ಹೀರಿದವರು ರಸಿಕರು. ಸಂಸ್ಕಾರ ಇರೋದು ಗ್ಲಾಸಿನಲ್ಲೋ, ಜಾತಿಯಲ್ಲೋ?

ಗೆಳೆಯರೇ, ಸಂಗೀತ ಬೇಡ ಅಂತ ನಾನು ಹೇಳ್ತಿಲ್ಲ. ಅದರಲ್ಲಿ ನಮ್ಮ ಪಾಲು ಇದೆ, ಅದನ್ನ ದಾಖಲಿಸಿ ಅಂತಿದ್ದೀನಿ. ಸರ್ಕಾರಿ ಫೈಲಿನಲ್ಲಿ ಟಿಪ್ಪಣಿ ಬರೆದ ಗುಮಾಸ್ತನ ಸಹಿಯೂ ಇರುತ್ತೆ. ಅಷ್ಟು ಮರ್ಯಾದೆಯೂ ವಾದ್ಯ ಮಾಡಿದ ಕೈಗಿಲ್ಲವೇ?

ಸಭಾಗಳಿಗೆ ನನ್ನ ಬೇಡಿಕೆ ಮೂರೇ. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರು ಹಾಕಿ. ವೇದಿಕೆಯ ಮೇಲಿಂದ ಆ ಹೆಸರು ಹೇಳಿ. ಮುಂದಿನ ಸಾಲಲ್ಲಿ ಅವರಿಗೆ ಕುರ್ಚಿ ಕೊಡಿ. ಇನ್ಮೇಲೆ ನಿಮ್ಮೂರಲ್ಲಿ ಕಛೇರಿ ನಡೆದರೆ ನೀವೂ ಹೋಗಿ, ಆಯೋಜಕರನ್ನ ಈ ಒಂದು ಪ್ರಶ್ನೆ ಕೇಳಿ: ಈ ಮೃದಂಗ ಮಾಡಿದವರು ಯಾರು?

ಜೈ ಭೀಮ್.