ಚಿಟ್ಟೆ ನೋಡುವ ಪ್ರವಾಸ: ನಮ್ಮ ರೈತರಿಗೇನು ಪಾಲು?

ಹುಳುವನ್ನು ಕೊಲ್ಲಲು ನಾವು ಹಣ ಸುರಿಯುತ್ತೇವೆ. ಅದೇ ಹುಳುವಿಗೆ ರೆಕ್ಕೆ ಬಂದು ಹಾರಿದರೆ ಅದನ್ನು ನೋಡಲು ಪಟ್ಟಣದವರು ಹಣ ಕೊಡುತ್ತಾರೆ. ಬಂಗಾರಪೇಟೆ ಕಡೆಯ ಟೊಮ್ಯಾಟೊ ಬೆಳೆಗಾರರೊಬ್ಬರು ನಗುತ್ತ ಆಡಿದ ಮಾತಿದು. ಅವರ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಕಾಲೇಜಿನವರು ಚಿಟ್ಟೆ, ಕಾಡುಪ್ರಾಣಿ ನೋಡುವ ಮೂರು ದಿನದ ಪ್ರವಾಸಕ್ಕೆಂದು ಮಲೆಯ ಕಾಡಿಗೆ ಹೊರಟಿದ್ದರು. ಅದಕ್ಕೆ ಕಟ್ಟಬೇಕಾದ ಹಣ ಕೇಳಲು ಹುಡುಗಿ ಊರಿಗೆ ಬಂದಿದ್ದಳು. ‘ನಮ್ಮ ಹೊಲದಲ್ಲಿ ಇಲ್ಲದ ಚಿಟ್ಟೆ ಅಲ್ಲೇನಿದೆ ಸ್ವಾಮಿ?’ ಎಂದು ಅವರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಈ ಪ್ರವಾಸಗಳ ವಿಷಯದಲ್ಲಿ ನಮ್ಮ ಭಾಗದ ರೈತರು ನಕ್ಕು ಸುಮ್ಮನಾಗಬಾರದು ಎಂಬುದು ನನ್ನ ಅಭಿಪ್ರಾಯ.

ಹಣ ಕೊಟ್ಟು ಕಾಡು ನೋಡುವುದು ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಸ್ಥಾಪನೆಯಾದದ್ದು 1980ರಲ್ಲಿ. ಕಬಿನಿ ಹಿನ್ನೀರಿನ ದಡದಲ್ಲಿ ಅದರ ಮೊದಲ ವಸತಿ. ಆಗ ಬಂದವರೆಲ್ಲ ಆನೆ, ಹುಲಿ ನೋಡಲು ಬಂದವರು. ಬರಬರುತ್ತ ಹಕ್ಕಿ ನೋಡುವವರು, ಅನಂತರ ಚಿಟ್ಟೆ ನೋಡುವವರು ಹೆಚ್ಚಿದರು. ಪಶ್ಚಿಮ ಘಟ್ಟಗಳಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. 2006ರಲ್ಲಿ ಬನ್ನೇರುಘಟ್ಟದಲ್ಲಿ ಚಿಟ್ಟೆಗಳಿಗೆಂದೇ ಒಂದು ಉದ್ಯಾನ ತೆರೆಯಿತು. ಅದನ್ನು ರೂಪಿಸುವುದರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪಾತ್ರವೂ ಇತ್ತು. ಕೀಟಶಾಸ್ತ್ರಜ್ಞರೆಂದರೆ ಕೀಟನಾಶಕದ ಪ್ರಮಾಣ ಹೇಳುವವರು ಎಂದಷ್ಟೇ ತಿಳಿದಿದ್ದವರಿಗೆ ಇದು ಆಶ್ಚರ್ಯವೆನಿಸಬಹುದು.

ಇಂಥ ಪ್ರವಾಸದಲ್ಲಿ ನಡೆಯುವುದೇನು? ನಾನು ಬಿಳಿಗಿರಿರಂಗನ ಬೆಟ್ಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ಈ ಬೆಟ್ಟಸಾಲು ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆಯಂತಿದೆ. 1974ರಲ್ಲಿ ಅಭಯಾರಣ್ಯವಾಗಿ, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ನಮ್ಮ ಗುಂಪಿಗೆ ದಾರಿ ತೋರಿಸಲು ಬಂದವರು ನಡುವಯಸ್ಸಿನ ಸೋಲಿಗರು. ಬೆಳಗಿನ ಆರಕ್ಕೇ ಎದ್ದು ಕಾದಿದ್ದ ನಮಗೆ ಅವರು, ‘ಈಗ ಹೋದ್ರೆ ಏನೂ ಸಿಕ್ಕಲ್ಲ, ಬಿಸಿಲು ಏರ್ಲಿ’ ಎಂದರು. ಚಿಟ್ಟೆಯ ಮೈ ಬಿಸಿಲಿಗೆ ಕಾಯ್ದ ಮೇಲೆ ತಾನೆ ಅದು ಹಾರುವುದು! ಒಂಬತ್ತು ಗಂಟೆಯ ಮೇಲೆ ಹಳ್ಳವೊಂದರ ಬಳಿಗೆ ಕರೆದೊಯ್ದರು. ಒದ್ದೆ ಮರಳಿನ ಮೇಲೆ ನೂರಾರು ಚಿಟ್ಟೆಗಳು ರೆಕ್ಕೆ ಮಡಚಿ ಸಾಲಾಗಿ ಕುಳಿತು ನೀರು ಹೀರುತ್ತಿದ್ದವು. ಅವು ಹೀರುತ್ತಿದ್ದುದು ನೀರಿಗಾಗಿ ಅಲ್ಲ, ನೀರಿನಲ್ಲಿ ಕರಗಿದ ಉಪ್ಪಿಗಾಗಿ. ಹೀಗೆ ಕೂರುವುವು ಬಹುಪಾಲು ಗಂಡುಗಳು; ಕೂಡುವಾಗ ಆ ಉಪ್ಪಿನ ಅಂಶ ಹೆಣ್ಣಿಗೆ ಸೇರಿ ಮೊಟ್ಟೆಗೆ ಒದಗುತ್ತದೆ. ನಮ್ಮ ದನಗಳಿಗೆ ಉಪ್ಪು ನೆಕ್ಕಿಸುವುದಿಲ್ಲವೆ, ಹಾಗೆಯೇ ಇದು.

ಮುಂದೆ ಒಂದು ಬಳ್ಳಿಯ ಮುಂದೆ ಅವರು ನಿಂತರು. ಈಶ್ವರಿ ಬಳ್ಳಿಯ ಜಾತಿಯದು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆಯೇ. ಕಪ್ಪು, ಹಳದಿ ಬಣ್ಣದ ಇದು ದಕ್ಷಿಣ ಭಾರತದ ಅತಿ ದೊಡ್ಡ ಚಿಟ್ಟೆ. ರೆಕ್ಕೆ ಬಿಚ್ಚಿದರೆ ನಮ್ಮ ಅಂಗೈಗಿಂತ ಅಗಲ. ಬಳ್ಳಿ ಹೋದರೆ ಚಿಟ್ಟೆಯೂ ಹೋಯಿತು. ಆ ಸೋಲಿಗರು ಅಂದು ನಮಗೆ ತೋರಿಸಿದ್ದರಲ್ಲಿ ಅರ್ಧ ಚಿಟ್ಟೆ, ಅರ್ಧ ಗಿಡ. ಗಿಡ ಗೊತ್ತಿಲ್ಲದವನಿಗೆ ಚಿಟ್ಟೆ ತೋರಿಸಲು ಬರುವುದಿಲ್ಲ ಎಂಬುದು ನಾನು ಅಲ್ಲಿ ಕಲಿತ ಪಾಠ. ಗಿಡ ಗೊತ್ತಿರುವವರು ಹಳ್ಳಿಯವರಲ್ಲದೆ ಮತ್ತಾರು?

ಈಗ ನಮ್ಮ ಊರಿಗೆ ಬರೋಣ. ಕೋಲಾರ ಸೀಮೆಯ ರೈತರಿಗೆ ಹುಳು ಸಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಟ್ಟೆ ಒಡೆದು ಚಾಕಿಯಾಗಿ, ನಾಲ್ಕು ಜ್ವರ ಕಳೆದು, ಹಣ್ಣಾದ ಹುಳು ಚಂದ್ರಿಕೆ ಏರಿ ಗೂಡು ಕಟ್ಟುವುದನ್ನು ನಮ್ಮ ಮನೆಯ ಹೆಣ್ಣುಮಕ್ಕಳು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು. ಚಿಟ್ಟೆಯ ಬಾಳೂ ಇದೇ ನಾಲ್ಕು ಅವಸ್ಥೆಗಳದ್ದು: ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಹೇಗೋ ಹಾಗೆ ಒಂದೊಂದು ಚಿಟ್ಟೆಗೆ ಒಂದೊಂದು ಸೊಪ್ಪು. ಬೇಲಿಯ ಎಕ್ಕದ ಗಿಡವನ್ನು ನೋಡಿ: ಕಪ್ಪು, ಬಿಳಿ, ಹಳದಿ ಪಟ್ಟೆಯ ಮರಿಹುಳು ಅದರ ಹಾಲಿನ ವಿಷವನ್ನು ಮೈಯಲ್ಲಿ ತುಂಬಿಕೊಂಡು ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಸೀತಾಫಲದ ಎಲೆಯ ಮೇಲೆ ಬೆಳೆಯುವುದು ಹಸಿರು ಚುಕ್ಕೆಯ ಚುರುಕು ಚಿಟ್ಟೆ, ಒಂದು ಕ್ಷಣ ಕೂತರೆ ಹೆಚ್ಚು. ಹರಳಿನ ಮೇಲೆ ಕಂದು ಗೆರೆಗಳದ್ದು. ಮಾವಿನ ತೋಪಿನವರು ಶಪಿಸುವ ಬಂದಳಿಕೆ ಇದೆಯಲ್ಲ, ಹಳದಿ ರೆಕ್ಕೆಗೆ ಕೆಂಪು ಅಂಚಿನ ಸುಂದರ ಚಿಟ್ಟೆಯೊಂದರ ಮರಿಗಳು ಗುಂಪಾಗಿ ಅದನ್ನೇ ತಿಂದು ಬೆಳೆಯುತ್ತವೆ. ಅವುಗಳಿಂದ ಬಂದಳಿಕೆ ನಾಶವಾಗುತ್ತದೆಂದು ಯಾರೂ ನಂಬಬೇಡಿ, ಕೊಂಬೆ ಕಡಿಯುವ ಕೆಲಸ ತಪ್ಪಿದ್ದಲ್ಲ. ಆದರೂ ಆ ಹುಳುವಿಗೆ ಔಷಧ ಹೊಡೆಯುವುದು ಹಣವನ್ನು ಗಾಳಿಗೆ ತೂರಿದಂತೆ.

ಎಲ್ಲ ಚಿಟ್ಟೆಯೂ ಸಾಧುವೆಂದು ನಾನು ವಾದಿಸುವುದಿಲ್ಲ. ನಿಂಬೆ ಸಸಿಯನ್ನು ಬೋಳು ಮಾಡುವುದು ಚಿಟ್ಟೆಯ ಮರಿಯೇ. ದಾಳಿಂಬೆ ಕಾಯಿ ಕೊರೆಯುವುದೂ ಚಿಟ್ಟೆಯ ಮರಿಯೇ. ಅವರೆ, ತೊಗರಿಯ ಕಾಯಿಯೊಳಗೆ ನುಗ್ಗುವ ನೀಲಿ ಚಿಟ್ಟೆಯ ಮರಿಯನ್ನು ನೀವೂ ಕಂಡಿರುತ್ತೀರಿ. ಪರಾಗಸ್ಪರ್ಶದ ವಿಷಯದಲ್ಲೂ ಜೇನಿನ ಮುಂದೆ ಚಿಟ್ಟೆಯದು ಸಣ್ಣ ಕೆಲಸ. ಚಿಟ್ಟೆ ಉಳಿಸಿದರೆ ಇಳುವರಿ ಹೆಚ್ಚುತ್ತದೆಂದು ಹೇಳಿ ರೈತರನ್ನು ಮರುಳು ಮಾಡುವುದು ತರವಲ್ಲ. ಆದರೆ ಟೊಮ್ಯಾಟೊ ಕಾಯಿಕೊರಕ ಪತಂಗವೇ ಹೊರತು ಚಿಟ್ಟೆಯಲ್ಲ, ನೆಲಗಡಲೆಯ ಕೆಂಪುತಲೆ ಕಂಬಳಿಹುಳುವೂ ಪತಂಗವೇ. ನಮ್ಮ ದೊಡ್ಡ ನಷ್ಟಗಳು ಹೆಚ್ಚಾಗಿ ಪತಂಗಗಳಿಂದ. ಬೇಲಿ, ಬದುವಿನ ಚಿಟ್ಟೆಗಳಲ್ಲಿ ಬಹುಪಾಲು ಬೆಳೆಯ ತಂಟೆಗೇ ಬಾರದವು. ಗುರುತು ಹಿಡಿಯುವುದು ಬಂದರೆ ಸಿಂಪರಣೆಯ ಖರ್ಚು ಒಂದೆರಡು ಸಲವಾದರೂ ಉಳಿಯುತ್ತದೆ. ಪಕ್ಕದ ಹೊಲದವರ ಹಿಪ್ಪುನೇರಳೆಯ ಮೇಲೆ ಔಷಧದ ಗಾಳಿ ಬಿದ್ದು ಹುಳು ಸತ್ತು ಆಗುವ ಜಗಳಗಳೂ ತಪ್ಪುತ್ತವೆ.

ಇನ್ನೊಂದು ಸಂಗತಿ ನಮ್ಮವರಿಗೆ ಅಷ್ಟಾಗಿ ತಿಳಿಯದು. ಕಪ್ಪು ಮೈಗೆ ತಿಳಿನೀಲಿ ಗೆರೆಗಳಿರುವ ಚಿಟ್ಟೆಗಳೂ ಅವುಗಳ ಬಳಗವೂ ಮುಂಗಾರು ಹಿಡಿಯುವ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲು ಸೀಮೆಯ ಕಡೆಗೆ ಲಕ್ಷಗಟ್ಟಲೆ ವಲಸೆ ಬರುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂದಿರುಗುತ್ತವೆ. ಸೆಣಬಿನ ಜಾತಿಯ ಗಿಡಗಳಿರುವ ಕಡೆ ಇಳಿದು, ಒಣಗಿದ ಕಡ್ಡಿಯನ್ನೂ ಬಿಡದೆ ಹೀರುತ್ತವೆ. ಮಲೆಯ ಕಾಡಿನ ಚಿಟ್ಟೆ ನಮ್ಮ ಬಯಲಿಗೂ ನೆಂಟ. ಟೊಮ್ಯಾಟೊ ಬೆಳೆಗಾರರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಅಲ್ಲಿ ಜಾತಿ ಹೆಚ್ಚು, ಇಲ್ಲಿ ಕಡಮೆ, ಆದರೆ ಇಲ್ಲಿ ಇಲ್ಲವೆಂದಲ್ಲ.

ಹಾಗಾದರೆ ನಮ್ಮಲ್ಲಿಗೂ ನೋಡುವವರನ್ನು ಕರೆಯಬಹುದೆ? ಇಲ್ಲಿ ಎರಡು ಮಾತು ಸ್ಪಷ್ಟವಾಗಿ ಹೇಳಬೇಕು.

ಮೊದಲನೆಯದು ಆನೆಯ ಮಾತು. ಕಾಮಸಮುದ್ರದ ಕಡೆ ಆನೆ ತೋರಿಸುವ ರೆಸಾರ್ಟ್ ಮಾಡಿದರೆ ಊರು ಉದ್ಧಾರವಾಗುತ್ತದೆಂಬ ಮಾತು ಆಗಾಗ ಕೇಳುತ್ತೇವೆ. ನಾನು ಇದಕ್ಕೆ ಪೂರಾ ವಿರೋಧಿ. 1980ರ ದಶಕದಲ್ಲಿ ಆನೆಯ ಹಿಂಡುಗಳು ತಮಿಳುನಾಡಿನ ಕಾಡುಗಳಿಂದ ಹೊರಟು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ನೆಲೆಯೂರಿದವು. ಅಲ್ಲಿ 1990ರಲ್ಲಿ ಕೌಂಡಿನ್ಯ ಅಭಯಾರಣ್ಯವಾಯಿತು. ಮೂರು ರಾಜ್ಯದ ಗಡಿ ಕೂಡುವ ನಮ್ಮ ಕಾಡಂಚು ಅವುಗಳ ಓಡಾಟದ ದಾರಿ. ಕಬಿನಿಯಲ್ಲಿ ಆನೆ ಇರುವುದು ಕಾಡಿನೊಳಗೆ, ನೋಡುವವನು ಇರುವುದು ಜೀಪಿನಲ್ಲಿ. ಇಲ್ಲಿ ಆನೆ ಬರುವುದು ರಾತ್ರಿ, ರಾಗಿ ತೆನೆ ಕಟ್ಟಿದ ಹೊಲಕ್ಕೆ. ಅದರ ಎದುರಿಗಿರುವವನು ಬ್ಯಾಟರಿ ಹಿಡಿದು ಅಟ್ಟಣೆಯ ಮೇಲೆ ಕೂತ ರೈತ. ಈ ಭಾಗದಲ್ಲಿ ಆನೆ ತುಳಿತಕ್ಕೆ ಜನ ಸತ್ತಿದ್ದಾರೆ. ವಿದ್ಯುತ್ ತಂತಿಗೆ ಸಿಕ್ಕಿ ಆನೆಗಳೂ ಸತ್ತಿವೆ. ದೀಪ, ಗದ್ದಲ, ಕಾರುಗಳಿಂದ ಹಿಂಡು ಚೆದುರಿದರೆ ಅದು ಹೋಗುವುದು ರೆಸಾರ್ಟಿನ ಹುಲ್ಲುಹಾಸಿಗಲ್ಲ, ನಮ್ಮ ಹೊಲಕ್ಕೆ. ಬೆಳೆ ಪರಿಹಾರ ಸಕಾಲಕ್ಕೆ ಸಿಗದೆ, ಬೇಲಿ, ಕಂದಕಗಳು ಸರಿಯಾಗದೆ ಆನೆಯನ್ನು ಪ್ರದರ್ಶನಕ್ಕಿಡುವುದು ಗಾಯದ ಮೇಲೆ ಅಂಗಡಿ ಹಾಕಿದಂತೆ.

ಎರಡನೆಯದು ಕೆ.ಜಿ.ಎಫ್. ಮಕ್ಕಳ ಮಾತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮುನ್ನ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮನೆ ಸೇರುವುದು ಸಾವಿರಾರು ಜನರ ಬಾಳಾಗಿದೆ. ಈ ಹುಡುಗ ಹುಡುಗಿಯರಿಗೆ ತಮಿಳು, ತೆಲುಗು, ಕನ್ನಡ ಬರುತ್ತದೆ, ಇಂಗ್ಲಿಷ್‌ಗೆ ಹೆದರುವುದಿಲ್ಲ. ಮಾರ್ಗದರ್ಶಿಗೆ ಬೇಕಾದ ನಾಲಗೆ ಅವರಲ್ಲಿದೆ. ಗಿಡ, ಬಳ್ಳಿಯ ತಿಳಿವಳಿಕೆ ಹಳ್ಳಿಯ ರೈತರಲ್ಲಿದೆ. ಇವೆರಡನ್ನೂ ಯಾರೂ ಇದುವರೆಗೆ ಕೂಡಿಸಿಲ್ಲ.

ನನ್ನ ಸಲಹೆ ಸಣ್ಣದು. ಮಳೆಗಾಲದ ಕೊನೆ, ಅಂದರೆ ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ, ಹಗಲು ಹೊತ್ತಿನಲ್ಲಿ ಮಾತ್ರ ಚಿಟ್ಟೆ ನೋಡುವ ನಡಿಗೆ. ಆನೆ ಬರುವ ಕಾಡಂಚು ಬೇಡ. ಬೇತಮಂಗಲದ ಕೆರೆಯ ಬದಿ, ಮಾವಿನ ತೋಪುಗಳು, ತಂಗಡಿ ಬೆಳೆದ ಗುಡ್ಡದ ಬುಡ, ಹೊಲದ ಬೇಲಿಸಾಲು, ಇಷ್ಟು ಸಾಕು. ಮೀಸಲು ಅರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅಪ್ಪಣೆ ಬೇಕೇ ಬೇಕು. ಕಟ್ಟಡ ಬೇಡ, ಸಾಲ ಬೇಡ. ಊಟ ರೈತರ ಮನೆಯಲ್ಲಿ: ಮುದ್ದೆ, ಬಸ್ಸಾರು. ನಡೆಯುವ ಹೊಲದ ಒಡೆಯರಿಗೆ, ದಾರಿ ತೋರಿದವರಿಗೆ, ಅಡುಗೆ ಮಾಡಿದ ತಾಯಂದಿರಿಗೆ ಹಣ ಅಂದಂದೇ ಕೈಗೆ ಸೇರಬೇಕು. ಇದರಿಂದ ಬರುವ ಆದಾಯ ದೊಡ್ಡದಲ್ಲ, ಯಾರೂ ಬೇಸಾಯ ಬಿಟ್ಟು ಇದಕ್ಕೆ ಇಳಿಯುವುದು ಬೇಡ.

ಬಂದವರ ಕೈಯಲ್ಲಿ ಬಲೆ ಕಂಡರೆ ಅಲ್ಲಿಂದಲೇ ವಾಪಸು ಕಳಿಸಿ. ಅನೇಕ ಜಾತಿಯ ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಹಿಡಿದು ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದು ಅಪರಾಧವಾದೀತು, ಅದರ ಕೇಡು ತೋರಿಸಿಕೊಟ್ಟ ನಮ್ಮ ಹುಡುಗರ ತಲೆಗೂ ಬರುತ್ತದೆ.

ಇದಕ್ಕೆ ಮೊದಲು ನಮ್ಮವರೇ ಕೆಲವರು ಒಮ್ಮೆ ಮಲೆಯ ಕಾಡಿಗೆ ಹೋಗಿ ಬರಬೇಕು. ರೈತರ ಅಧ್ಯಯನ ಪ್ರವಾಸಗಳೆಂದರೆ ಡೈರಿ, ಹನಿ ನೀರಾವರಿ, ಬರುವಾಗ ಒಂದು ದೇವಸ್ಥಾನ ಎಂದಾಗಿದೆ. ತಪ್ಪೇನಿಲ್ಲ. ಆದರೆ ಒಂದು ವರ್ಷ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ, ರಂಗನಾಥನ ದರ್ಶನವನ್ನೂ ಮಾಡಿ, ಸೋಲಿಗರೊಡನೆ ಒಂದು ಬೆಳಗ್ಗೆ ನಡೆಯಲಿ. 2011ರಲ್ಲಿ ಹುಲಿ ಮೀಸಲು ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಪಡೆದ ಜನ ಅವರು. ಹೊರಗಿನವರ ಹಣ ಊರಿಗೆ ಬಂದಾಗ ಯಾರ ಕೈಗೆ ಎಷ್ಟು ಸೇರಿತು, ಏನು ಕೆಟ್ಟಿತು, ಏನು ಉಳಿಯಿತು ಎಂಬುದನ್ನು ನಮ್ಮ ಅಧಿಕಾರಿಗಳಿಗಿಂತ ಚೆನ್ನಾಗಿ ಅವರೇ ಹೇಳಬಲ್ಲರು. ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

ಆ ಬೆಳೆಗಾರರು ಕೊನೆಗೆ ಮಗಳಿಗೆ ಹಣ ಕೊಟ್ಟರು. ಹೋಗಿ ಬಂದವಳು ಈಗ ರಜೆಗೆ ಬಂದಾಗಲೆಲ್ಲ ಬಾವಿಯ ಬಳಿಯ ಕರಿಬೇವಿನ ಗಿಡಕ್ಕೆ ಯಾರೂ ಔಷಧ ಹೊಡೆಯಬಾರದೆಂದು ತಾಕೀತು ಮಾಡುತ್ತಾಳಂತೆ. ನಿಂಬೆ ಸಸಿಯ ಹುಳುಗಳನ್ನು ತಾನೇ ಆಯ್ದು ತಂದು ಆ ಗಿಡಕ್ಕೆ ಬಿಡುತ್ತಾಳಂತೆ. ‘ಸಸಿ ಉಳೀತು, ಹುಳಾನೂ ಉಳೀತು, ಒಗ್ಗರಣೆಗೆ ಮಾತ್ರ ಸೊಪ್ಪಿಲ್ಲ’ ಎಂದು ಅವರ ಮನೆಯವರ ದೂರು.